ಕುತ್ತಿಗೆಗೆ ಪಟ್ಟಿ, ರೋಗ ಮೊಣಕೈಯಲ್ಲಿ: ಮಾಟುಂಗದ ಒಬ್ಬ ಕ್ಯಾಶಿಯರ್‌ನ ಎಡಗೈ

ರೋಗಿ 52 ವರ್ಷದ ಗಂಡಸು. ಮುಂಬೈನ ಮಾಟುಂಗ ಕಡೆಯ ಒಂದು ಉಡುಪಿ ಹೋಟೆಲಿನಲ್ಲಿ ಕ್ಯಾಶಿಯರ್. ಮೂಲ ಊರು ಕುಂದಾಪುರದ ಹತ್ತಿರ, ಈಗ ಮನೆ ಡೊಂಬಿವಲಿಯಲ್ಲಿ. ಬರೆಯುವುದು, ಉಣ್ಣುವುದು ಎಲ್ಲ ಬಲಗೈಯಲ್ಲಿ, ತೊಂದರೆ ಮಾತ್ರ ಎಡಗೈಯದು. ಸಕ್ಕರೆ ಕಾಯಿಲೆ ಇದೆ, ಮಾತ್ರೆ ನುಂಗುತ್ತಾರೆ, ಪಥ್ಯ ಅಷ್ಟಕ್ಕಷ್ಟೆ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ, ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ, ಇಲ್ಲಿ ಶೆಟ್ರು ಅಂತ ಕರೆಯುತ್ತೇನೆ. ನಾನು ಕೈ ಮತ್ತು ತೋಳಿನ ತೊಂದರೆಗಳನ್ನೇ ಜಾಸ್ತಿ ನೋಡುವ ಫಿಸಿಯೋಥೆರಪಿಸ್ಟ್. ಆಪರೇಷನ್ ಮಾಡಿದ್ದು ಸರ್ಜನ್. ಅದಕ್ಕೆ ಮುಂಚಿನದು, ಆಮೇಲಿನದು ನನ್ನ ಪಾಲು.

ಶೆಟ್ರು ನನ್ನ ಹತ್ತಿರ ಬಂದಿದ್ದು ಕುತ್ತಿಗೆಗೆ ಟ್ರ್ಯಾಕ್ಷನ್ ಹಾಕಿಸಿಕೊಳ್ಳಲು. ಕೊರಳಿಗೆ ಕಾಲರ್ ಪಟ್ಟಿ, ಬಗಲಲ್ಲಿ ಎಂಆರ್‌ಐ ಲಕೋಟೆ. ಎಂಟು ತಿಂಗಳಿಂದ ಅದೇ ಚಿಕಿತ್ಸೆ: ಪಟ್ಟಿ, ಬಿ12 ಗುಳಿಗೆ, ಎಲ್ಲೋ ಒಂದು ಕಡೆ ಎಳೆತ, ಬೇರೆ ಕಡೆ ಶಾಖ. ಫಿಲ್ಮಿನಲ್ಲಿ ಕತ್ತಿನ ಐದು ಮತ್ತು ಆರನೇ ಮೂಳೆಗಳ ನಡುವಿನ ಡಿಸ್ಕ್ ಸ್ವಲ್ಪ ಉಬ್ಬಿದೆ ಅಂತ ಬರೆದಿತ್ತು. ಐವತ್ತು ದಾಟಿದವರ ಕುತ್ತಿಗೆಯನ್ನು ಎಂಆರ್‌ಐ ಮಾಡಿದರೆ ಇಂಥದ್ದು ಏನಾದರೂ ಒಂದು ಸಿಕ್ಕೇ ಸಿಗುತ್ತದೆ, ಏನೂ ನೋವಿಲ್ಲದವರಲ್ಲೂ. ಸಿಕ್ಕಿದ್ದೇ ರೋಗ ಅಂತ ಹೇಳುವುದಕ್ಕೆ ಮುಂಚೆ ಕೈಯನ್ನು ಒಂದು ಸಲ ನೋಡಬೇಕು, ಅಲ್ವಾ? ಯಾರೂ ನೋಡಿರಲಿಲ್ಲ.

"ಎಂತ ಮಾಡುದು ಮೇಡಂ, ಚಿಲ್ಲರೆ ಕೈಯಲ್ಲಿ ನಿಲ್ಲುದೇ ಇಲ್ಲ," ಅಂದರು. ಸರಿ, ತೋರಿಸಿ ಅಂದೆ. ಪರ್ಸಿನಿಂದ ಹತ್ತಾರು ನಾಣ್ಯ ತೆಗೆದು ಅವರ ಎಡಗೈ ಬೊಗಸೆಗೆ ಸುರಿದೆ. ಅಂಗೈ ಗುಳಿಯಾಗಲಿಲ್ಲ, ಚಪ್ಪಟೆಯಾಗಿಯೇ ಉಳಿಯಿತು. ಕಿರುಬೆರಳು ಉಂಗುರದ ಬೆರಳಿಗೆ ತಾಗದೆ ಹೊರಗೆ ಚಾಚಿಕೊಂಡು ನಿಂತಿತ್ತು. ಅದೇ ಸಂದಿಯಿಂದ ಎರಡು ರೂಪಾಯಿಯ ನಾಣ್ಯಗಳು ಒಂದೊಂದಾಗಿ ಜಾರಿ ಟೇಬಲ್ಲಿನ ಮೇಲೆ ಬಿದ್ದವು. ಪ್ಯಾಂಟಿನ ಜೇಬಿಗೆ ಕೈ ಹಾಕುವಾಗ ಕಿರುಬೆರಳು ಹೊರಗೇ ಸಿಕ್ಕಿಕೊಳ್ಳುತ್ತದೆಯಾ ಅಂತ ಕೇಳಿದೆ. ಅವರಿಗೆ ಆಶ್ಚರ್ಯ, "ಹೌದಲ್ಲ, ನಿಮಗೆ ಹೇಗೆ ಗೊತ್ತಾಯ್ತು?" ಇದು ಅಲ್ನಾರ್ ಅನ್ನುವ ನರ ಸೋತ ರೋಗಿಗಳು ಹೇಳುವ ಹಳೆಯ ದೂರು. ಬೆರಳುಗಳನ್ನು ಒಟ್ಟಿಗೆ ತರುವ ಸಣ್ಣ ಸ್ನಾಯು ಸೋತು, ಹೊರಗೆ ಎಳೆಯುವ ಸ್ನಾಯು ಮಾತ್ರ ಗಟ್ಟಿಯಿದ್ದರೆ ಕಿರುಬೆರಳು ಹೀಗೆ ದೂರ ನಿಲ್ಲುತ್ತದೆ.

ಅಲ್ನಾರ್ ನರ ಕುತ್ತಿಗೆಯಿಂದ ಇಳಿದು, ತೋಳಿನ ಒಳಬದಿಯಲ್ಲಿ ಬಂದು, ಮೊಣಕೈಯ ಒಳಗಿನ ಗಂಟುಮೂಳೆಯ ಹಿಂದೆ ಒಂದು ಕಿರಿದಾದ ಕಾಲುವೆಯಲ್ಲಿ ಹಾದು ಹೋಗುತ್ತದೆ. ಮೊಣಕೈ ಬಾಗಿಲಿಗೆ ತಾಗಿದಾಗ ಕಿರುಬೆರಳಿನವರೆಗೂ ಕರೆಂಟ್ ಹೊಡೆಯುತ್ತದಲ್ಲ, ಅದೇ ನರ. ಅಲ್ಲಿ ಅದರ ಮೇಲೆ ಮಾಂಸದ ಹೊದಿಕೆ ಇಲ್ಲ, ಚರ್ಮದ ಕೆಳಗೇ ಮೂಳೆಗೆ ಒರಗಿ ಮಲಗಿದೆ. ಕೈ ಮಡಚಿದಾಗ ಕಾಲುವೆ ಕಿರಿದಾಗುತ್ತದೆ, ನರವೂ ಎಳೆದುಕೊಳ್ಳುತ್ತದೆ. ಇನ್ನು ಶೆಟ್ರ ದಿನಚರಿ ಕೇಳಿ. ಬೆಳಿಗ್ಗೆ ಆರಕ್ಕೆ ಗಲ್ಲಾದಲ್ಲಿ ಕೂತರೆ ಬಲಗೈಯಲ್ಲಿ ಬಿಲ್ಲು, ಎಡಗೈಯಲ್ಲಿ ಪಾರ್ಸಲ್ ಆರ್ಡರಿನ ಫೋನು. ಆ ಎಡ ಮೊಣಕೈ ಪೂರ್ತಿ ಮಡಚಿ ಗಲ್ಲಾದ ಗಾಜಿನ ಅಂಚಿನ ಮೇಲೆ ಊರಿಕೊಂಡಿರುತ್ತದೆ. ರಾತ್ರಿ ಎಡಗೈಯನ್ನೇ ಮಡಚಿ ತಲೆಗೆ ಇಟ್ಟುಕೊಂಡು ನಿದ್ದೆ. ಹುಡುಗನಾಗಿದ್ದಾಗ ಹೋಟೆಲಿನ ಅಟ್ಟದಲ್ಲಿ ದಿಂಬಿಲ್ಲದೆ ಮಲಗುತ್ತಿದ್ದ ಕಾಲದ ಅಭ್ಯಾಸ ಅದು, ಡೊಂಬಿವಲಿಯ ಫ್ಲ್ಯಾಟಿಗೆ ಬಂದರೂ ಬಿಟ್ಟಿರಲಿಲ್ಲ.

ಈಗ ಪರೀಕ್ಷೆಗೆ ಬರೋಣ. ಈ ಪ್ರಕರಣದಲ್ಲಿ ನನಗೆ ಮುಖ್ಯ ಅನ್ನಿಸುವುದು ಇದೇ ಭಾಗ. ನರ ಒಂದೇ ಆದರೂ ಅದು ಸಿಕ್ಕಿಹಾಕಿಕೊಳ್ಳಬಹುದಾದ ಜಾಗಗಳು ಹಲವು: ಕುತ್ತಿಗೆ, ಮೊಣಕೈ, ಮಣಿಕಟ್ಟು. ತಪ್ಪು ಜಾಗ ಬಿಚ್ಚಿದರೆ ಎಷ್ಟೇ ಚಂದದ ಆಪರೇಷನ್ ಆದರೂ ದಂಡ.

ಫಿಲ್ಮಿನಲ್ಲಿ ಕಂಡ ಡಿಸ್ಕ್ ಒತ್ತುವುದಾದರೆ, ಕುತ್ತಿಗೆಯಿಂದ ಕೈಗೆ ಹೊರಡುವ ನರಬೇರುಗಳಲ್ಲಿ ಆರನೆಯದನ್ನು ಒತ್ತಬೇಕು. ಅದರ ಜೋಮು ಹೆಬ್ಬೆರಳು, ತೋರುಬೆರಳಿನ ಕಡೆ ಬರುತ್ತದೆ. ಶೆಟ್ರಿಗೆ ಮರಗಟ್ಟಿದ್ದು ಕಿರುಬೆರಳು ಮತ್ತು ಉಂಗುರದ ಬೆರಳು. ಅಂದರೆ ಫಿಲ್ಮಿಗೂ ಬೆರಳಿಗೂ ತಾಳೆಯೇ ಇಲ್ಲ. ಆದರೆ ಕುತ್ತಿಗೆಯ ಎಂಟನೇ ನರಬೇರು ಒತ್ತಿದರೂ ಕಿರುಬೆರಳು ಮರಗಟ್ಟುತ್ತದೆ, ಹಾಗಾಗಿ ಅಷ್ಟಕ್ಕೇ ಕುತ್ತಿಗೆಯನ್ನು ಬಿಡುವ ಹಾಗಿಲ್ಲ. ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಉಂಗುರದ ಬೆರಳಿನ ಎರಡೂ ಪಕ್ಕ ಸವರಿದೆ. ಕಿರುಬೆರಳಿನ ಕಡೆಯ ಅರ್ಧಕ್ಕೆ ಗೊತ್ತಾಗಲಿಲ್ಲ, ನಡುಬೆರಳಿನ ಕಡೆಯ ಅರ್ಧಕ್ಕೆ ಚೆನ್ನಾಗಿ ಗೊತ್ತಾಯಿತು. ಬೆರಳಿನ ನಟ್ಟನಡುವೆ ಹೀಗೆ ಗೆರೆ ಎಳೆದ ಹಾಗೆ ಭಾಗವಾಗುವುದು ಅಲ್ನಾರ್ ನರದ ಗುರುತು, ನರಬೇರಿನ ತೊಂದರೆಯಲ್ಲಿ ಸಾಮಾನ್ಯವಾಗಿ ಹೀಗಾಗುವುದಿಲ್ಲ. ಮುಂಗೈಯ ಒಳಬದಿಯ ಚರ್ಮಕ್ಕೆ ಸ್ಪರ್ಶ ಸರಿಯಾಗಿತ್ತು, ಎಂಟನೇ ಬೇರು ಕೆಟ್ಟಿದ್ದರೆ ಅಲ್ಲೂ ಮಂಕಾಗಬೇಕಿತ್ತು. ಹೆಬ್ಬೆರಳನ್ನು ಅಂಗೈಯಿಂದ ಮೇಲಕ್ಕೆ ಎತ್ತುವ ಸ್ನಾಯು ಗಟ್ಟಿಯಿತ್ತು. ಅದಕ್ಕೆ ಕುತ್ತಿಗೆಯ ಅದೇ ಬೇರುಗಳಿಂದಲೇ ಶಕ್ತಿ, ಆದರೆ ಬರುವ ದಾರಿ ಬೇರೆ ನರ. ಹಾಗಾಗಿ ಕುತ್ತಿಗೆಯ ಅನುಮಾನ ಬಿಟ್ಟುಹೋಯಿತು.

ಇನ್ನು ಮೊಣಕೈಯಾ, ಮಣಿಕಟ್ಟಾ? ಅಂಗೈಯ ಹಿಂಭಾಗದ ಕಿರುಬೆರಳಿನ ಕಡೆಯ ಚರ್ಮಕ್ಕೆ ಹೋಗುವ ಕವಲು ಮಣಿಕಟ್ಟಿಗಿಂತ ಐದಾರು ಸೆಂಟಿಮೀಟರ್ ಮೇಲೆಯೇ ಒಡೆದು ಹೋಗುತ್ತದೆ. ಮಣಿಕಟ್ಟಿನಲ್ಲಿ ಒತ್ತಿದ್ದರೆ ಅಲ್ಲಿ ಸ್ಪರ್ಶ ಇರಬೇಕಿತ್ತು. ಶೆಟ್ರಿಗೆ ಅಲ್ಲೂ ಇರಲಿಲ್ಲ. ಮೊಣಕೈಯ ಕಾಲುವೆಯ ಮೇಲೆ ಬೆರಳಿಂದ ಮೆಲ್ಲಗೆ ತಟ್ಟಿದಾಗ ಕಿರುಬೆರಳಿನವರೆಗೆ ಜುಂ ಅಂತು. ಇದು ಟಿನೆಲ್ ಪರೀಕ್ಷೆ. ಆಮೇಲೆ ಹೋಟೆಲಿನ ಬಿಲ್ಲಿನ ಚೀಟಿಯನ್ನೇ ಹೆಬ್ಬೆರಳು ಮತ್ತು ತೋರುಬೆರಳಿನ ಪಕ್ಕದ ನಡುವೆ ಹಿಡಿಸಿ ಎಳೆದೆ. ಬಲಗೈಯ ಹೆಬ್ಬೆರಳು ನೆಟ್ಟಗಿದ್ದು ಚೀಟಿ ಬಿಡಲಿಲ್ಲ. ಎಡಗೈಯದು ತುದಿಗೆಣ್ಣಿನಲ್ಲಿ ಕೊಕ್ಕೆಯಾಗಿ ಬಾಗಿತು, ಆದರೂ ಚೀಟಿ ಜಾರಿತು. ಅಲ್ನಾರ್ ನರ ಕೈಕೊಟ್ಟಾಗ ಬೇರೆ ನರದ ಸ್ನಾಯುವನ್ನು ಸಾಲ ತಂದು ಹಿಡಿಯುವ ಪ್ರಯತ್ನ ಅದು. ಇದಕ್ಕೆ ಫ್ರೊಮಾಂ ಅಂತ ಹೆಸರು. ಟಿನೆಲ್, ಫ್ರೊಮಾಂ ಇಬ್ಬರೂ ಫ್ರೆಂಚ್ ವೈದ್ಯರು, ಮೊದಲ ಮಹಾಯುದ್ಧದ ಕಾಲದಲ್ಲಿ, 1915ರಲ್ಲಿ, ಇದನ್ನೆಲ್ಲ ಬರೆದಿಟ್ಟವರು. ಒಂದು ಕಾಗದದ ಚೂರು ಸಾಕು, ಇವತ್ತಿಗೂ.

ಆಮೇಲೆ ನಾನು ಮಾಡಿದ ಕೆಲಸ ಶೆಟ್ರಿಗೆ ಇಷ್ಟವಾಗಲಿಲ್ಲ. ಮೊಣಕೈಯ ಹಿಂದೆ ನರವನ್ನು ಬೆರಳಲ್ಲಿ ಹೊರಳಿಸಿ ದಪ್ಪ ನೋಡಿದೆ, ಎರಡೂ ಕಡೆ. ಬೆನ್ನು, ತೋಳಿನ ಚರ್ಮದಲ್ಲಿ ಮಸುಕಾದ ಮಚ್ಚೆ ಇದೆಯಾ, ಇದ್ದರೆ ಅಲ್ಲಿ ಸ್ಪರ್ಶ ಇದೆಯಾ ಅಂತ ನೋಡಿದೆ. ಅವರಿಗೆ ಅರ್ಥವಾಯಿತು. ಮುಖ ಗಂಟಾಯಿತು. ಹೋಟೆಲಿನಲ್ಲಿ ಕೆಲಸ ಮಾಡುವವನಿಗೆ ಕುಷ್ಠದ ಅನುಮಾನ ಅಂದರೆ ಅವರಿಗೆ ಮಾನದ ಪ್ರಶ್ನೆ. ಆದರೆ ನಮ್ಮ ದೇಶದಲ್ಲಿ ಅಲ್ನಾರ್ ನರ ಸೋತಿದೆ ಅಂದರೆ ಇದನ್ನು ನೋಡದೆ ಬಿಡಬಾರದು, ಕುಷ್ಠ ಅತಿ ಹೆಚ್ಚು ಹಿಡಿಯುವ ನರಗಳಲ್ಲಿ ಇದು ಮುಖ್ಯವಾದದ್ದು, ಅದೂ ಮೊಣಕೈಯ ಹತ್ತಿರವೇ. ಮಾಟುಂಗಕ್ಕೆ ಹತ್ತಿರದ ವಡಾಲಾದಲ್ಲಿ ಅಕ್ವರ್ತ್ ಕುಷ್ಠರೋಗ ಆಸ್ಪತ್ರೆ 1890ರಿಂದ ಇದೆ. ಔಷಧಿ ಸರ್ಕಾರಿ ಆಸ್ಪತ್ರೆಗಳಲ್ಲಿ ಪುಕ್ಕಟೆ, 6ರಿಂದ 12 ತಿಂಗಳಲ್ಲಿ ರೋಗ ವಾಸಿಯಾಗುತ್ತದೆ. ಇದನ್ನೆಲ್ಲ ಹೇಳಿದೆ. ಚರ್ಮರೋಗ ತಜ್ಞರೂ ನೋಡಿ ಇಲ್ಲ ಅಂದ ಮೇಲೆ ಅವರ ಕೋಪ ಇಳಿಯಿತು. ಸಕ್ಕರೆಯ ಮೂರು ತಿಂಗಳ ಸರಾಸರಿ (ಎಚ್‌ಬಿಎ1ಸಿ) ಶೇಕಡಾ 7.8 ಬಂತು. ಸಕ್ಕರೆ ಏರಿದ ನರ ಸಣ್ಣ ಒತ್ತಡಕ್ಕೂ ಬೇಗ ಸೋಲುತ್ತದೆ, ಹಾಗಾಗಿ ಅದನ್ನೂ ಹಿಡಿತಕ್ಕೆ ತರಬೇಕಾಯಿತು.

ಎನ್‌ಸಿವಿ ಮಾಡಿಸಿದೆವು. ನರಕ್ಕೆ ಸಣ್ಣ ಕರೆಂಟ್ ಕೊಟ್ಟು ಸಂದೇಶ ಓಡುವ ವೇಗ ಅಳೆಯುವ ಪರೀಕ್ಷೆ. ಮುಂಗೈಯಲ್ಲಿ ಸೆಕೆಂಡಿಗೆ 55 ಮೀಟರ್ ಓಡುತ್ತಿದ್ದ ಸಂದೇಶ ಮೊಣಕೈ ದಾಟುವಾಗ 33ಕ್ಕೆ ಬಿತ್ತು. ಆ ಜಾಗದಲ್ಲಿ 50ಕ್ಕಿಂತ ಕಡಿಮೆ ಬಂದರೆ, ಇಲ್ಲವೇ ಮುಂಗೈಗಿಂತ 10ಕ್ಕಿಂತ ಜಾಸ್ತಿ ಇಳಿದರೆ, ಅಲ್ಲೇ ತೊಡಕು ಅಂತ ಲೆಕ್ಕ. ಸೂಜಿ ಪರೀಕ್ಷೆಯಲ್ಲಿ ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಸ್ನಾಯು ನರದ ಸಂಪರ್ಕ ಕಳೆದುಕೊಳ್ಳುತ್ತಿರುವ ಗುರುತು ಇತ್ತು. ಆ ಸ್ನಾಯು ಬತ್ತಿದ್ದು ಬರಿಗಣ್ಣಿಗೂ ಕಾಣುತ್ತಿತ್ತು. ಬಲಗೈಯಲ್ಲಿ ಆ ಜಾಗ ಉಬ್ಬಿದ್ದರೆ ಎಡಗೈಯಲ್ಲಿ ಗುಳಿ ಬಿದ್ದಿತ್ತು.

ಬರೀ ಜೋಮು, ಅದೂ ಬಂದು ಹೋಗುವ ಜೋಮು ಆಗಿದ್ದರೆ ಯಾರೂ ಚಾಕು ಮುಟ್ಟುವ ಮಾತಾಡುವುದಿಲ್ಲ. ರಾತ್ರಿ ಮೊಣಕೈ ಮಡಚದ ಹಾಗೆ ಟವೆಲ್ ಸುತ್ತಿ ಮಲಗುವುದು, ಅಂಚಿಗೆ ಊರದಿರುವುದು, ಫೋನನ್ನು ಕಿವಿಗೆ ಹಿಡಿಯದಿರುವುದು, ಇಷ್ಟರಲ್ಲೇ ಎಷ್ಟೋ ಜನರಿಗೆ ಮೂರು ತಿಂಗಳಲ್ಲಿ ಆರಾಮಾಗುತ್ತದೆ. ಶೆಟ್ರದು ಆ ಹಂತ ದಾಟಿತ್ತು. ಸ್ನಾಯು ಬತ್ತಲು ಶುರುವಾದ ಮೇಲೆ ಕಾಯುವುದು ಅಂದರೆ ಕಳೆದುಕೊಳ್ಳುವುದು. ನರ ಮತ್ತೆ ಬೆಳೆಯುವುದು ದಿನಕ್ಕೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್. ಮೊಣಕೈಯಿಂದ ಅಂಗೈಯ ಸ್ನಾಯುವಿಗೆ ಸುಮಾರು 30 ಸೆಂಟಿಮೀಟರ್ ದಾರಿ, ಅಂದರೆ ಹತ್ತು ತಿಂಗಳು. ನರ ತಪ್ಪಿದ ಸ್ನಾಯು ಒಂದು, ಒಂದೂವರೆ ವರ್ಷಕ್ಕಿಂತ ಜಾಸ್ತಿ ಕಾಯುವುದಿಲ್ಲ, ಆಮೇಲೆ ನರ ಬಂದು ಬಾಗಿಲು ಬಡಿದರೂ ಒಳಗೆ ಯಾರೂ ಇರುವುದಿಲ್ಲ. ಕುತ್ತಿಗೆ ಪಟ್ಟಿಯಲ್ಲಿ ಹೋದ ಎಂಟು ತಿಂಗಳು ಈ ಲೆಕ್ಕದಲ್ಲಿ ಎಷ್ಟು ದುಬಾರಿ ನೋಡಿ.

ಸರ್ಜನ್ ಎರಡು ದಾರಿ ಹೇಳಿದರು. ಒಂದು, ನರ ಇದ್ದ ಜಾಗದಲ್ಲೇ ಇಟ್ಟು ಅದರ ಮೇಲಿನ ಬಿಗಿತ ಮಾತ್ರ ಬಿಚ್ಚುವುದು. ಇನ್ನೊಂದು, ನರವನ್ನು ಎತ್ತಿ ಗಂಟುಮೂಳೆಯ ಮುಂದಕ್ಕೆ ತಂದು ಕೂರಿಸುವುದು. ಎರಡನೆಯದು ಕೇಳಲಿಕ್ಕೆ ಭಾರಿ ಅನ್ನಿಸುತ್ತದೆ, ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ ಅಧ್ಯಯನಗಳಲ್ಲಿ ಗುಣ ಹೆಚ್ಚುಕಡಿಮೆ ಒಂದೇ, ಗಾಯದ ತೊಂದರೆ ಮಾತ್ರ ಎರಡನೆಯದರಲ್ಲಿ ಜಾಸ್ತಿ. ಸಕ್ಕರೆ ಇರುವವರಿಗೆ ಗಾಯ ಚಿಕ್ಕದಿದ್ದಷ್ಟೂ ಒಳ್ಳೆಯದು. ಹಾಗಾಗಿ ಮೊದಲನೆಯದು, ಆದರೆ ಒಂದು ಷರತ್ತು: ಬಿಚ್ಚಿದ ಮೇಲೆ ಕೈ ಮಡಚಿ ನೋಡುವುದು, ನರ ಮೂಳೆಯ ಮೇಲಿಂದ ಜಿಗಿದು ಮುಂದಕ್ಕೆ ಬರುತ್ತಿದ್ದರೆ ಆಗ ಮುಂದಕ್ಕೇ ಕೂರಿಸುವುದು. ಮೂರನೇ ಮಾತೂ ಬಂತು. ಮಣಿಕಟ್ಟಿನ ಹತ್ತಿರ ಬೇರೆ ನರದ ಒಂದು ಕವಲನ್ನು ಅಲ್ನಾರ್ ನರದ ಪಕ್ಕಕ್ಕೆ ಜೋಡಿಸಿ, ಅಂಗೈಯ ಸ್ನಾಯುವಿಗೆ ಹತ್ತಿರದಿಂದ ಶಕ್ತಿ ಕೊಡುವ ವಿಧಾನ. ತುಂಬಾ ಕೆಟ್ಟ ಕೈಗಳಿಗೆ ಮಾಡುತ್ತಾರೆ. ಶೆಟ್ರ ಸ್ನಾಯು ಪೂರ್ತಿ ಸತ್ತಿರಲಿಲ್ಲ, ಬೇಡ ಅಂತ ತೀರ್ಮಾನವಾಯಿತು.

"ಊರಿಗೆ ಹೋಗಿ ಒಂದು ಸಲ ನಾಟಿ ವೈದ್ಯರಿಗೆ ತೋರ್ಸಿ ಬಂದ್ರೆ?" ಅಂತ ಅವರ ಹೆಂಡತಿ ಕೇಳಿದರು. "ಬಂದ ಮೇಲೆ ಮಾಡ್ಸಿದ್ರೆ ಆಗ್ತದಾ ಅಕ್ಕ?" ನಾನು ಆ ಗುಳಿ ತೋರಿಸಿದೆ, ಅವರು ಮತ್ತೆ ಕೇಳಲಿಲ್ಲ. ಖರ್ಚಿನಲ್ಲಿ ಅರ್ಧ ಹೋಟೆಲಿನ ಧಣಿಗಳು ಕೊಟ್ಟರು, ಉಳಿದದ್ದು ಮಗನದು.

ಆಪರೇಷನ್‌ಗೆ ತೋಳಿಗೆ ಮಾತ್ರ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರು, ಶೆಟ್ರು ಎಚ್ಚರವಾಗಿಯೇ ಇದ್ದರು. ಗಂಟುಮೂಳೆಯ ಹಿಂದೆ ಏಳೆಂಟು ಸೆಂಟಿಮೀಟರ್ ಗೀರು. ಚರ್ಮದ ಕೆಳಗೇ ಅಡ್ಡ ಹಾಯುವ ಸಣ್ಣ ಚರ್ಮನರದ ಕವಲುಗಳಿರುತ್ತವೆ, ಅವಸರದಲ್ಲಿ ಅದನ್ನು ಕತ್ತರಿಸಿದರೆ ಆಮೇಲೆ ಗಾಯದ ಜಾಗ ಮುಟ್ಟಿದರೆ ಉರಿ, ದೊಡ್ಡ ನರ ಸರಿಯಾದರೂ ರೋಗಿ ಖುಷಿಯಾಗಿರುವುದಿಲ್ಲ. ಇವರು ಅದನ್ನು ಹುಡುಕಿ, ಬದಿಗಿಟ್ಟು ಮುಂದೆ ಹೋದರು. ಕಾಲುವೆಯ ಮೇಲಿನ ಗಟ್ಟಿ ಪಟ್ಟಿಗೆ ಆಸ್ಬರ್ನ್ ಪಟ್ಟಿ ಅಂತ ಹೆಸರು, ಆ ಹೆಸರಿನ ಇಂಗ್ಲಿಷ್ ಸರ್ಜನ್ 1957ರಲ್ಲಿ ಇದನ್ನು ಬರೆದರು. ಈ ಕಾಯಿಲೆಗೆ ಕ್ಯೂಬಿಟಲ್ ಟನಲ್ ಅನ್ನುವ ಹೆಸರು ಬಂದಿದ್ದು ಮರುವರ್ಷ, 1958ರಲ್ಲಿ. ಪಟ್ಟಿ ಕತ್ತರಿಸಿದ ಮೇಲೆ ಸರ್ಜನ್ ತೆಗೆದ ಫೋಟೋ ನನಗೂ ಶೆಟ್ರಿಗೂ ತೋರಿಸಿದರು. ಪಟ್ಟಿ ಇದ್ದ ಜಾಗದಲ್ಲಿ ನರ ಲಾಡಿ ಬಿಗಿದ ಸೊಂಟದ ಹಾಗೆ ಸಪೂರವಾಗಿತ್ತು, ಅದರ ಮೇಲ್ಭಾಗ ಊದಿಕೊಂಡು ಕೆಂಪಾಗಿತ್ತು. ಇನ್ನೂ ಕೆಳಗೆ ಮುಂಗೈ ಸ್ನಾಯುವಿನ ಎರಡು ಕವಲುಗಳ ನಡುವಿನ ಪದರವನ್ನೂ ಬಿಡಿಸಿದರು, ಮೇಲೆ ತೋಳಿನ ಕಡೆ ಬೆರಳು ಹಾಕಿ ಬೇರೆ ಬಿಗಿತ ಇಲ್ಲ ಅಂತ ಖಚಿತ ಮಾಡಿಕೊಂಡರು. ನರವನ್ನು ಅದರ ಹಾಸಿಗೆಯಿಂದ ಎತ್ತಲಿಲ್ಲ, ಎತ್ತಿದರೆ ಅದಕ್ಕೆ ರಕ್ತ ತರುವ ಸಣ್ಣ ನಾಳಗಳು ಕಿತ್ತುಹೋಗುತ್ತವೆ. ಕೈ ಮಡಚಿ ನೋಡಿದರು, ಜಿಗಿಯಲಿಲ್ಲ. ಹೊಲಿಗೆ ಹಾಕಿದರು. ಸಾಯಂಕಾಲಕ್ಕೆ ಮನೆ.

ಬೆರಳು ಆಡಿಸಲು ಅವತ್ತೇ ಹೇಳಿದ್ದೆ. ದಪ್ಪ ಬ್ಯಾಂಡೇಜು ತೆಗೆದ ಮೇಲೆ ಮೊಣಕೈಯನ್ನೂ ಮೆಲ್ಲಗೆ ಬಿಡಿಸಿ ಮಡಚಲು ಶುರು. ವಾರಗಟ್ಟಲೆ ಕಟ್ಟಿ ಇಟ್ಟರೆ ನರ ಸುತ್ತಲಿನ ಗಾಯಕ್ಕೇ ಅಂಟಿಕೊಳ್ಳುತ್ತದೆ, ಒಂದು ಬಿಗಿತ ಬಿಚ್ಚಿ ಇನ್ನೊಂದನ್ನು ತಂದುಕೊಂಡ ಹಾಗಾಗುತ್ತದೆ. ಎರಡು ವಾರಕ್ಕೆ ಹೊಲಿಗೆ ತೆಗೆದರು, ಆಮೇಲೆ ಗಾಯದ ಗೆರೆಗೆ ಎಣ್ಣೆ ಹಚ್ಚಿ ತಿಕ್ಕುವುದು. ನರ ಜಾರಿಸುವ ವ್ಯಾಯಾಮ ಅಂತ ಒಂದಿದೆ, ಅದನ್ನು ಮಾಡಿಸಿದೆ, ಆದರೆ ಜುಂ ಅನ್ನುವ ಮಟ್ಟಕ್ಕೆ ಎಳೆಯಬಾರದು. ಶೆಟ್ರು ಬೇಗ ಗುಣವಾಗಲಿ ಅಂತ ಅದನ್ನು ಜೋರಾಗಿ ಮಾಡಿ ಒಂದು ವಾರ ಉರಿ ತಂದುಕೊಂಡರು. ಜಾಸ್ತಿ ಮಾಡಿದರೆ ಜಾಸ್ತಿ ಗುಣ ಅನ್ನುವುದು ನರದ ವಿಷಯದಲ್ಲಿ ಸುಳ್ಳು. ಮೂರನೇ ವಾರ ಗಲ್ಲಾಕ್ಕೆ ವಾಪಸ್, ಹಾಲಿನ ಕ್ರೇಟು, ಅಕ್ಕಿ ಮೂಟೆ ಎತ್ತುವುದು ಆರು ವಾರದವರೆಗೆ ಬಂದ್.

ಗಲ್ಲಾ ನೋಡಲು ನಾನೇ ಹೋಗಿದ್ದೆ, ಇಡ್ಲಿ ವಡೆ ತಿಂದು ಬಂದೆ ಅನ್ನುವುದೂ ನಿಜ. ಗಾಜಿನ ಅಂಚು ಚೂಪಾಗಿತ್ತು, ಅದರ ಮೇಲೆ ದಪ್ಪ ಫೋಮ್ ಅಂಟಿಸಿದರು. ಸ್ಟೂಲು ಗಲ್ಲಾಕ್ಕಿಂತ ತಗ್ಗಾಗಿದ್ದರಿಂದ ಮೊಣಕೈ ತಾನಾಗಿಯೇ ಮೇಲೇರಿ ಅಂಚಿಗೆ ಕೂರುತ್ತಿತ್ತು, ಎತ್ತರದ ಸ್ಟೂಲು ತರಿಸಿದರು. ಫೋನಿಗೆ ಕಿವಿಗೆ ಹಾಕುವ ಇಯರ್‌ಫೋನ್. ಇಷ್ಟನ್ನು ವರ್ಷದ ಹಿಂದೆ ಮಾಡಿದ್ದರೆ ಅಂತ ಧಣಿಗಳು ಅಂದರು. ಅದು ಸರಿಯೇ, ಆದರೆ ಮೊಣಕೈಯಲ್ಲಿ ರೋಗ ಇದೆ ಅಂತ ಗೊತ್ತಿದ್ದರೆ ತಾನೇ?

ಫಲಿತಾಂಶ. ರಾತ್ರಿ ಎಚ್ಚರ ಮಾಡುತ್ತಿದ್ದ ಜುಂ ಜುಂ ಮೊದಲ ಎರಡು ಮೂರು ವಾರದಲ್ಲೇ ಹೋಯಿತು. ಮರಗಟ್ಟಿದ್ದು ತಡವಾಗಿ ಬಿಟ್ಟಿತು, ಉಂಗುರದ ಬೆರಳಿಗೆ ನಾಲ್ಕು ತಿಂಗಳು, ಕಿರುಬೆರಳಿನ ತುದಿ ಇನ್ನೂ ಸ್ವಲ್ಪ ಮಂಕು. ಹೆಬ್ಬೆರಳು, ತೋರುಬೆರಳಿನ ನಡುವೆ ಚಿವುಟಿ ಹಿಡಿಯುವ ಶಕ್ತಿ ಬಲಗೈಗೆ 7.5 ಕೆಜಿ, ಎಡಗೈಗೆ ಆಪರೇಷನ್‌ಗೆ ಮುಂಚೆ 3 ಇತ್ತು. ಆರು ತಿಂಗಳಿಗೆ 3.5, ವರ್ಷಕ್ಕೆ 5.5. ಆರನೇ ತಿಂಗಳಲ್ಲಿ ಅವರು ತುಂಬಾ ಬೇಸರದಲ್ಲಿದ್ದರು, ದುಡ್ಡು ದಂಡ ಆಯ್ತಾ ಅಂತ ನೇರವಾಗಿಯೇ ಕೇಳಿದರು. ದಿನಕ್ಕೆ ಒಂದು ಮಿಲಿಮೀಟರ್ ಲೆಕ್ಕವನ್ನು ಅವರ ಮುಂಗೈ ಮೇಲೆ ಪೆನ್ನಿನಿಂದ ಗುರುತು ಹಾಕಿ ತೋರಿಸಿದೆ. ಕ್ಯಾಶಿಯರ್ ಅಲ್ವಾ, ಲೆಕ್ಕ ಒಪ್ಪಿದರು. ಬೊಗಸೆಯಲ್ಲಿ ನಾಣ್ಯ ನಿಲ್ಲುತ್ತದೆ ಈಗ. ಕಿರುಬೆರಳು ಮೊದಲಿನಷ್ಟಲ್ಲದಿದ್ದರೂ ಸ್ವಲ್ಪ ಹೊರಗೇ ನಿಲ್ಲುತ್ತದೆ. ಹೆಬ್ಬೆರಳ ಪಕ್ಕದ ಗುಳಿ ಅರ್ಧ ತುಂಬಿದೆ, ಉಳಿದರ್ಧ ತುಂಬುವ ಲಕ್ಷಣ ಇಲ್ಲ, ಅದನ್ನು ಅವರಿಗೆ ಮುಚ್ಚಿಡದೆ ಹೇಳಿದ್ದೇನೆ.

ಆಪರೇಷನ್‌ಗೆ ಮುಂಚೆ ಸರ್ಜನ್ ಹೇಳಿದ ಮಾತೂ ಅದೇ ಆಗಿತ್ತು: ನಾನು ಬಿಗಿತ ತೆಗೆಯಬಲ್ಲೆ, ಇರುವುದನ್ನು ಉಳಿಸುವುದಕ್ಕೆ ಮಾಡುತ್ತಿದ್ದೇನೆ, ಹೋದದ್ದರಲ್ಲಿ ಎಷ್ಟು ಬರುತ್ತದೋ ಅಷ್ಟು ಲಾಭ. ಈ ಮಾತನ್ನು ಮುಂಚೆಯೇ ಕೇಳಿಸಿಕೊಂಡ ರೋಗಿಗೂ, ಆಮೇಲೆ ಕೇಳಿಸಿಕೊಂಡ ರೋಗಿಗೂ ಒಂದೇ ಫಲಿತಾಂಶ ಬೇರೆಬೇರೆಯಾಗಿ ಕಾಣುವುದನ್ನು ನಾನು ನೋಡಿದ್ದೇನೆ.

ಈಗ ಬಲಗೈ. ಎಡಗೈಗೆ ವಿಶ್ರಾಂತಿ ಅಂತ ಫೋನನ್ನು ಬಲಗೈಗೆ ಬದಲಿಸಿ, ಇಯರ್‌ಫೋನ್ ಕೆಟ್ಟಾಗ ಹೊಸದು ತರಿಸದೆ ಎರಡು ತಿಂಗಳು ತಳ್ಳಿದ್ದರ ಫಲವಾಗಿ ಬಲ ಕಿರುಬೆರಳಲ್ಲಿ ರಾತ್ರಿ ಜೋಮು ಶುರುವಾಗಿದೆ. ಸ್ನಾಯು ಗಟ್ಟಿ ಇದೆ, ಬಿಲ್ಲಿನ ಚೀಟಿ ಜಾರುವುದಿಲ್ಲ, ಎನ್‌ಸಿವಿಯಲ್ಲಿ ಮೊಣಕೈ ದಾಟುವ ವೇಗ 48. ಆಪರೇಷನ್ ಬೇಡ. ಟವೆಲ್ ಸುತ್ತಿ ಮಲಗುತ್ತಿದ್ದಾರೆ, ಹೊಸ ಇಯರ್‌ಫೋನ್ ಬಂದಿದೆ, ಸಕ್ಕರೆ ಸರಾಸರಿ 6.9ಕ್ಕೆ ಇಳಿದಿದೆ. ಮೂರು ತಿಂಗಳು ಬಿಟ್ಟು ಮತ್ತೆ ಚೀಟಿ ಎಳೆದು ನೋಡುತ್ತೇನೆ.